ಮಾಸ್ಟರ್ಸ್ ಗಾಲ್ಫ್ ಪೂಲ್: 24 ಜನ, ಆರು ಬುಟ್ಟಿ. ನಿಯಮದಲ್ಲಿ ಎಲ್ಲೆಲ್ಲಿ ತೂತಿದೆ ಹೇಳಿ

ಹಸಿರುಹಾಸು

ಏಪ್ರಿಲ್‌ನ ಮಾಸ್ಟರ್ಸ್ ಗಾಲ್ಫ್ ಟೂರ್ನಿಗೆ (ಅಮೆರಿಕದ ಆಗಸ್ಟಾದಲ್ಲಿ, ಗುರುವಾರದಿಂದ ಭಾನುವಾರದವರೆಗೆ ನಾಲ್ಕು ಸುತ್ತು) ಒಂದು ಪೂಲ್, ಅಂದರೆ ಆಟಗಾರರನ್ನ ಆರಿಸಿ ಪೈಪೋಟಿ ಮಾಡೋ ಆಟ, ನಡೆಸಬೇಕು. 24 ಜನ ಇದ್ದಾರೆ. ಅರ್ಧಕ್ಕಿಂತ ಹೆಚ್ಚು ಬೆಂಗಳೂರಿನವರು, ಉಳಿದವರು ಅಟ್ಲಾಂಟಾ, ಡಲ್ಲಾಸ್ ಕಡೆಯ ಕನ್ನಡಿಗರು. ಕರಡು ನಿಯಮ ಹೀಗಿದೆ:

ಆಟಗಾರರನ್ನು ವಿಶ್ವ ರ‍್ಯಾಂಕಿಂಗ್ ನೋಡಿ ಎ ಇಂದ ಎಫ್‌ವರೆಗೆ ಆರು ಬುಟ್ಟಿಗೆ ಹಂಚೋದು. ಪ್ರತಿ ಬುಟ್ಟಿಯಿಂದ ಒಬ್ಬರು. ಆರರಲ್ಲಿ ಚೆನ್ನಾಗಿ ಆಡಿದ ನಾಲ್ವರ ಸ್ಕೋರ್ (ಪಾರ್, ಅಂದರೆ ನಿಗದಿ ಹೊಡೆತಗಳ ಸಂಖ್ಯೆಗಿಂತ ಎಷ್ಟು ಮೇಲೆ, ಎಷ್ಟು ಕೆಳಗೆ) ಕೂಡಿಸೋದು, ಕಡಿಮೆ ಬಂದವರು ಗೆದ್ದಂತೆ. ನಾಲ್ವರಾದರೂ ಕಟ್ (ಎರಡು ಸುತ್ತಿನ ನಂತರ ಹಿಂದುಳಿದವರನ್ನ ಹೊರಗಿಡೋ ಗೆರೆ) ದಾಟದಿದ್ದರೆ ಆ ಟೀಮ್ ಔಟ್. ಟೈ ಆದರೆ, ಚಾಂಪಿಯನ್‌ನ ಸ್ಕೋರನ್ನು ಹತ್ತಿರ ಊಹಿಸಿದವರಿಗೆ ಜಯ. ಗೂಗಲ್ ಫಾರ್ಮ್ ಗುರುವಾರ ಬೆಳಿಗ್ಗೆವರೆಗೆ ತೆರೆದಿರುತ್ತೆ. ತಲೆಗೆ 500 ರೂಪಾಯಿ ಹಾಕೋಣ ಅಂತ ಕೆಲವರು ಹೇಳ್ತಿದ್ದಾರೆ.

ಎಲ್ಲಿ ಜಗಳ ಆಗುತ್ತೆ ಅನ್ನೋದನ್ನ ಈಗಲೇ ಹೇಳಿಬಿಡಿ.

ಮರಳುಗುಂಡಿ

ಮೊದಲು ಗಡಿಯಾರ. "ಗುರುವಾರ ಬೆಳಿಗ್ಗೆ" ಅಂದರೆ ಯಾರ ಬೆಳಿಗ್ಗೆ? ಏಪ್ರಿಲ್‌ನಲ್ಲಿ ಆಗಸ್ಟಾ ನಮಗಿಂತ ಒಂಬತ್ತೂವರೆ ಗಂಟೆ ಹಿಂದಿರುತ್ತೆ. ಅಲ್ಲಿ ಮೊದಲ ಗುಂಪು ಟೀ ಆಫ್ (ಆಟ ಶುರು) ಮಾಡೋದು ಬೆಳಿಗ್ಗೆ ಏಳೂವರೆ ಎಂಟರ ಹೊತ್ತಿಗೆ, ಅಂದರೆ ನಮ್ಮ ಸಂಜೆ 5ರಿಂದ 5.30. ನಿಯಮದಲ್ಲಿ ಹೀಗೆ ಬರೆಯಿರಿ: ಗುರುವಾರ ಬೆಂಗಳೂರು ಸಂಜೆ 4.30, ಅಟ್ಲಾಂಟಾ ಬೆಳಿಗ್ಗೆ 7.00, ಡಲ್ಲಾಸ್ ಬೆಳಿಗ್ಗೆ 6.00. ಮೂರೂ ಒಂದೇ ಕ್ಷಣ. ಅಮೆರಿಕದವರಿಗೆ ಬುಧವಾರ ರಾತ್ರಿ ಮಲಗೋ ಮುಂಚೆ ತುಂಬಿ ಅಂತ ಒಂದು ಸಾಲು ಸೇರಿಸಿ. ಭಾನುವಾರದ ಆಟ ನಮಗೆ ಮುಗಿಯೋದು ಸೋಮವಾರ ಬೆಳಗಿನ ಜಾವ, ಹಾಗಾಗಿ ಫಲಿತಾಂಶ ಸೋಮವಾರ ಬೆಳಿಗ್ಗೆ ಎಂಟಕ್ಕೆ ಅಂತ ಮೊದಲೇ ಹೇಳಿಬಿಟ್ಟರೆ ನಾಲ್ಕೂವರೆಗೆ "ಶೀಟ್ ಅಪ್‌ಡೇಟ್ ಆಯ್ತಾ?" ಅನ್ನೋ ಮೆಸೇಜ್ ಬರಲ್ಲ.

ಮುಂದೆ ಬೇರೆ ಟೂರ್ನಿಗೂ ಇದೇ ನಿಯಮ ಬಳಸೋದಾದರೆ ನೆನಪಿರಲಿ: ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಮುಂದೆ ತಳ್ಳುತ್ತಾರೆ. ಅದಕ್ಕೂ ಹಿಂದಿನ ವಾರಗಳಲ್ಲಿ ಆ ಅಂತರ ಹತ್ತೂವರೆ ಗಂಟೆ.

ದುಡ್ಡಿನ ವಿಷಯ ಬೇಡವೇ ಬೇಡ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನ ಕೌಶಲ, ಅದೃಷ್ಟ ಅನ್ನೋ ಭೇದವಿಲ್ಲದೆ ನಿಷೇಧಿಸಿದೆ. ಫಾರ್ಮಿನಲ್ಲಿ ಹೆಸರು ಹಾಕಿಸಿ ಯುಪಿಐನಲ್ಲಿ 500 ವಸೂಲಿ ಮಾಡಿದರೆ ನಾಳೆ ಉತ್ತರ ಕೊಡಬೇಕಾದವರು ನೀವೇ. ಗೆದ್ದವರ ಹೆಸರು ಕೆತ್ತಿಸೋ ಒಂದು ಹಿತ್ತಾಳೆ ಲೋಟ ಇಡಿ, ಸಾಕು.

ಹಸಿರುಹಾಸು

ದುಡ್ಡು ಕೈಬಿಟ್ಟೆವು. ಲೋಟ ಆಯ್ತು.

ಶೆಟ್ರ ಶೀಟು

ಫಾರ್ಮಿನ ವಿಷಯ ಸ್ವಲ್ಪ ಉಂಟು ಮಾರಾಯ್ರೇ, ಕೇಳಿ.

ಹೆಸರು ಟೈಪ್ ಮಾಡಲಿಕ್ಕೆ ಬಿಡಬೇಡಿ. ಆರು ಪ್ರಶ್ನೆ, ಆರಕ್ಕೂ ಡ್ರಾಪ್‌ಡೌನ್. ಟೈಪ್ ಮಾಡಲಿಕ್ಕೆ ಬಿಟ್ಟರೆ "ಹೊಯ್ಗಾರ್ಡ್" ಅಂತ ಬರೆದು ಕಳಿಸ್ತಾರೆ. ಅದು ನಿಕೊಲಾಯಿಯಾ ರಾಸ್ಮುಸಾ? ಅವಳಿ ಅಣ್ಣತಮ್ಮ ಇಬ್ಬರೂ ದೊಡ್ಡ ಟೂರ್ನಿಗಳಲ್ಲಿ ಆಡುವವರು.

ಉತ್ತರ ಕಳಿಸಿದ ಮೇಲೆ ತಿದ್ದುವ ಅವಕಾಶ ಆಫ್ ಮಾಡಿ. ಯಾಕೆಂದರೆ ತಿದ್ದಿದಾಗ ಹಳೆ ಉತ್ತರದ ಮೇಲೆಯೇ ಹೊಸದು ಕೂರ್ತದೆ, ಸಮಯವೂ ಬದಲಾಗ್ತದೆ. ಐದೂವರೆಗೆ ಒಬ್ಬ ಸುಮ್ಮನೆ ತೆರೆದು ಮತ್ತೆ ಕಳಿಸಿದ ಅಂತ ಇಟ್ಟುಕೊಳ್ಳಿ, ಅವನ ನಾಲ್ಕು ಗಂಟೆಯ ಆಯ್ಕೆ ಶೀಟಿನಲ್ಲಿ ಇಲ್ಲವೇ ಇಲ್ಲ. ಅದರ ಬದಲು ಎಷ್ಟು ಸಲ ಬೇಕಾದರೂ ಹೊಸದಾಗಿ ಕಳಿಸಲಿ, 4.30ರ ಒಳಗಿನ ಕೊನೆಯದ್ದು ಲೆಕ್ಕಕ್ಕೆ. ಶೀಟಿನ ಸೆಟ್ಟಿಂಗ್ಸ್‌ನಲ್ಲಿ ಟೈಮ್ ಝೋನ್ ಕೋಲ್ಕತ್ತಾ ಅಂತ ಉಂಟಾ ನೋಡಿ. ಅಮೆರಿಕದಲ್ಲಿ ಇರುವವರು ಶೀಟ್ ಮಾಡಿದ್ದರೆ ಅದು ಅಲ್ಲಿಯ ಸಮಯ ತೋರಿಸ್ತದೆ.

4.35ಕ್ಕೆ ಎಲ್ಲರ ಆಯ್ಕೆಯನ್ನು ಪಿಡಿಎಫ್ ಮಾಡಿ ವಾಟ್ಸಾಪ್‌ಗೆ ಹಾಕಿ. ಅದಕ್ಕೂ ಮೊದಲು ಒಬ್ಬರದ್ದೂ ತೋರಿಸಬೇಡಿ, ನಿಮ್ಮದೂ. ನಡೆಸುವವನೇ ಆಡ್ತಾ ಇದ್ದರೆ ಬೇರೆಯವರದ್ದು ನೋಡಿ ಹಾಕಿದ ಅಂತ ಮಾತು ಬರುವುದು ಸಹಜ. ನಿಮ್ಮ ಫಾರ್ಮ್ ಎಲ್ಲರಿಗಿಂತ ಮೊದಲು ಹೋಗಿರಲಿ.

ಪೀಚ್‌ಟ್ರೀ ಅಕ್ಕ

ರ‍್ಯಾಂಕಿಂಗ್ ನೋಡಿ ಬುಟ್ಟಿ ಮಾಡಬೇಡಿ. ಲಿವ್ ಟೂರ್‌ಗೆ (ಹಳೆಯ ಟೂರ್‌ಗಳಿಗೆ ಪೈಪೋಟಿಯಾಗಿ ಬಂದ ಲೀಗ್) ವರ್ಷಗಟ್ಟಲೆ ರ‍್ಯಾಂಕಿಂಗ್ ಪಾಯಿಂಟ್ ಸಿಗಲಿಲ್ಲ. ಹಾಗಾಗಿ ಅಲ್ಲಿಗೆ ಹೋದ ಜಾನ್ ರಾಮ್‌ನಂಥವರ ರ‍್ಯಾಂಕ್ ಆಟಕ್ಕೆ ಸಂಬಂಧವಿಲ್ಲದಷ್ಟು ಕೆಳಗೆ ಜಾರಿತು. 2023ರ ಮಾಸ್ಟರ್ಸ್ ಚಾಂಪಿಯನ್ ಆದ ರಾಮ್‌ನನ್ನ ಡಿ ಬುಟ್ಟಿಯಲ್ಲಿಟ್ಟರೆ 24ರಲ್ಲಿ 20 ಜನ ಅವನನ್ನೇ ಎತ್ತಿಕೊಳ್ಳುತ್ತಾರೆ. ಆ ಬುಟ್ಟಿ ಇದ್ದೂ ಇಲ್ಲದ ಹಾಗೆ. ಟೂರ್ನಿಯ ವಾರ ಸೋಮವಾರದ ಬೆಟ್ಟಿಂಗ್ ದರದ ಪಟ್ಟಿ ತೆಗೆದುಕೊಳ್ಳಿ. ಬಾಜಿ ಕಟ್ಟೋದಕ್ಕಲ್ಲ, ಯಾರು ಯಾರಿಗಿಂತ ಬಲ ಅಂತ ಸಾಲು ಹಚ್ಚೋದಕ್ಕೆ.

ಇನ್ನೊಂದು, ಆರು ಬುಟ್ಟಿಗೂ ಸಮಸಂಖ್ಯೆ ಹಂಚಬೇಡಿ. 2025ರಲ್ಲಿ 95 ಜನ ಆಡಿದರು. ಆರರಿಂದ ಭಾಗಿಸಿದರೆ ಹದಿನಾರು ಹದಿನಾರು. ಆದರೆ ಆ 95ರಲ್ಲಿ ಹಳೆಯ ಚಾಂಪಿಯನ್‌ಗಳಿದ್ದಾರೆ, ಮಾಸ್ಟರ್ಸ್ ಗೆದ್ದವರು ವಯಸ್ಸಾದ ಮೇಲೂ ಆಡಬಹುದು. ಅಮೆಚೂರ್‌ಗಳೂ (ದುಡ್ಡಿಗೆ ಆಡದ ಹವ್ಯಾಸಿಗಳು) ಇದ್ದಾರೆ. ನಿಜವಾಗಿ ಗೆಲ್ಲೋ ಪೈಪೋಟಿ ಇರೋದು ಮೇಲಿನ ನಲವತ್ತು ಹೆಸರಲ್ಲಿ. ಹಾಗಾಗಿ ಎ ಬುಟ್ಟಿಗೆ 6, ಬಿಗೆ 8, ಸಿಗೆ 10, ಡಿಗೆ 14, ಇಗೆ 20, ಎಫ್‌ಗೆ ಮಿಕ್ಕವರೆಲ್ಲ. ಎ ಬುಟ್ಟಿಯಲ್ಲಿ 16 ಜನ ಇಟ್ಟರೆ ಷೆಫ್ಲರ್, ಮೆಕಿಲ್ರಾಯ್ ಬಿಟ್ಟು ಉಳಿದ 14 ಜನರನ್ನ ಯಾರೂ ಮುಟ್ಟಲ್ಲ.

ಮುದುಕರು ಅಂತ ಎಫ್ ಬುಟ್ಟಿಯವರನ್ನ ತಳ್ಳಿಹಾಕಬೇಡಿ ಮತ್ತೆ. 2023ರಲ್ಲಿ ಫ್ರೆಡ್ ಕಪಲ್ಸ್ 63ನೇ ವಯಸ್ಸಲ್ಲಿ ಕಟ್ ದಾಟಿದರು.

ಒಂಬತ್ತನೇ ಹೋಲ್

"ನಾಲ್ವರು ಕಟ್ ದಾಟದಿದ್ದರೆ ಟೀಮ್ ಔಟ್". ಈ ಪೂಲನ್ನು ಕೊಲ್ಲೋ ನಿಯಮ ಇದೇ. ಲೆಕ್ಕ ನೋಡಿ.

ಮಾಸ್ಟರ್ಸ್‌ನಲ್ಲಿ ಮೊದಲ 50 ಸ್ಥಾನ, ಜೊತೆಗೆ ಟೈ ಆದವರು ಕಟ್ ದಾಟುತ್ತಾರೆ. 2024ರಲ್ಲಿ 89ರಲ್ಲಿ 60 ಜನ ದಾಟಿದರು, 2025ರಲ್ಲಿ 95ರಲ್ಲಿ 53. ಸುಮಾರಾಗಿ ನೂರಕ್ಕೆ 60 ಅಂತಿಟ್ಟುಕೊಳ್ಳಿ. ಕಣ್ಣುಮುಚ್ಚಿ ಚೀಟಿ ಎತ್ತಿದ ಆರು ಜನರಲ್ಲಿ ಕನಿಷ್ಠ ನಾಲ್ವರು ದಾಟೋ ಸಂಭವ ನೂರಕ್ಕೆ 54. ತಿಳಿದು ಆರಿಸಿದರೆ ಇನ್ನಷ್ಟು ಹೆಚ್ಚು ಅನ್ನಿ. ಆದರೂ 24ರಲ್ಲಿ ಏಳೆಂಟು ಟೀಮು ಶನಿವಾರ ಬೆಳಿಗ್ಗೆಯೇ ಮನೆಗೆ. ಆಮೇಲೆ ವಾಟ್ಸಾಪ್‌ನಲ್ಲಿ ಮಾತಾಡೋರು ಯಾರು?

ಇದೇ ನಿಯಮ ಜೂನ್‌ನ ಯುಎಸ್ ಓಪನ್‌ಗೆ ಹಾಕಿ ನೋಡಿ. ಅಲ್ಲಿ 156 ಜನ, ಮೊದಲ 60 ಮತ್ತು ಟೈ. ನೂರಕ್ಕೆ 42ರಷ್ಟು ಜನ ದಾಟಿದರೆ, ಚೀಟಿ ಎತ್ತಿದ ಆರರಲ್ಲಿ ನಾಲ್ವರು ಉಳಿಯೋ ಸಂಭವ ನೂರಕ್ಕೆ 21ಕ್ಕೆ ಇಳಿಯುತ್ತೆ. ಮಾಸ್ಟರ್ಸ್‌ಗೆ ಹೊಲಿಸಿದ ಅಂಗಿ ಅಲ್ಲಿಗೆ ಆಗಲ್ಲ.

ಔಟ್ ಮಾಡೋ ಬದಲು ದಂಡ ಹಾಕಿ. ಕಟ್ ತಪ್ಪಿದವನ ಎರಡು ದಿನದ ಸ್ಕೋರ್ ಹಾಗೇ ಇರಲಿ, ಶನಿವಾರ ಭಾನುವಾರಕ್ಕೆ ದಿನಕ್ಕೆ 80 ಅಂತ ಸೇರಿಸಿ. ಆಗಸ್ಟಾ ಪಾರ್ 72, ಹಾಗಾಗಿ ದಿನಕ್ಕೆ +8.

ಶೆಟ್ರ ಶೀಟು

80 ಜಾಸ್ತಿ ಆಯ್ತು. ಆ ದಿನ ಮೈದಾನದಲ್ಲಿ ಅತಿ ಕೆಟ್ಟದಾಗಿ ಆಡಿದವನ ಸ್ಕೋರಿಗೆ ಒಂದು ಸೇರಿಸಿದರೆ ನ್ಯಾಯ ಅಲ್ವಾ? ಗಾಳಿ ಬೀಸಿದ ದಿನ ದಂಡವೂ ಏರ್ತದೆ, ಆರಾಮ ದಿನ ಇಳಿತದೆ.

ಒಂಬತ್ತನೇ ಹೋಲ್

ನ್ಯಾಯವೇ. ಆದರೆ ದಿನದ ಆಟ ಪೂರ್ತಿ ಮುಗಿಯೋವರೆಗೆ ಆ ಸಂಖ್ಯೆ ಗೊತ್ತಾಗಲ್ಲ. ಶನಿವಾರ ರಾತ್ರಿ ಹನ್ನೊಂದಕ್ಕೆ ಶೀಟ್ ನೋಡೋರಿಗೆ ತಮ್ಮ ಟೀಮ್ ಎಲ್ಲಿದೆ ಅಂತ ತಿಳಿಯೋದು ಹೇಗೆ? ಒಬ್ಬ ಬೆನ್ನು ನೋವಿಟ್ಟುಕೊಂಡು 86 ಹೊಡೆದರೆ ಎಲ್ಲರ ದಂಡ 87. ಸ್ಥಿರ ಸಂಖ್ಯೆಯೇ ವಾಸಿ. ಒಳ್ಳೆ ನಾಲ್ವರನ್ನ ಮಾತ್ರ ಎಣಿಸೋದರಿಂದ ಇಬ್ಬರು ಕಟ್ ತಪ್ಪಿದರೂ ದಂಡ ತಾಗಲ್ಲ. ಮೂರನೆಯವನು ತಪ್ಪಿದಾಗ ಮಾತ್ರ ಆ 80 ಲೆಕ್ಕಕ್ಕೆ ಬರೋದು. ಅಷ್ಟು ನೋಯಲೇಬೇಕು.

ಶೆಟ್ರ ಶೀಟು

ಆಯ್ತು, 80 ಇರಲಿ.

ಈಗ ಶೀಟಿನ ಮೂರು ಗುಂಡಿ ಹೇಳ್ತೇನೆ. ಮೊದಲ ಎರಡು ಸದ್ದಿಲ್ಲದೆ ತಪ್ಪು ಕೊಡ್ತವೆ, ಎರರ್ ತೋರಿಸುವುದಿಲ್ಲ, ಅದೇ ಅಪಾಯ.

ಒಂದು, ಇ ಅಕ್ಷರ. ಸರಿಯಾಗಿ ಪಾರ್‌ನಲ್ಲಿ ಇರುವವನ ಸ್ಕೋರನ್ನು ಲೀಡರ್‌ಬೋರ್ಡ್‌ನಲ್ಲಿ ಸೊನ್ನೆ ಅಂತ ಬರೆಯುವುದಿಲ್ಲ, ಇಂಗ್ಲಿಷಿನ ಇ ಅಂತ ಬರೆಯುತ್ತಾರೆ. ನೀವು ಒಳ್ಳೆ ನಾಲ್ಕನ್ನು ತೆಗೆಯಲಿಕ್ಕೆ "ಸ್ಮಾಲ್" ಫಂಕ್ಷನ್ ಹಾಕಿರ್ತೀರಿ. ಅದಕ್ಕೆ ಅಕ್ಷರ ಕಾಣುವುದಿಲ್ಲ, ಅವನನ್ನು ಬಿಟ್ಟೇ ಎಣಿಸ್ತದೆ. ಒಂದು ಟೀಮಿನ ಸ್ಕೋರ್ −6, −2, ಇ, +1, +3, +5 ಅಂತ ಇಟ್ಟುಕೊಳ್ಳಿ. ಸರಿಯಾದ ಮೊತ್ತ −6, −2, 0, +1 ಸೇರಿ −7. ಶೀಟು −6, −2, +1, +3 ಸೇರಿಸಿ −4 ತೋರಿಸ್ತದೆ. ಮೂರು ಹೊಡೆತ ಹೋಯ್ತು, ಯಾರಿಗೂ ಗೊತ್ತಾಗಲಿಲ್ಲ. ಪಕ್ಕದಲ್ಲಿ ಒಂದು ಕಾಲಂ ಮಾಡಿ, "ಇಫ್" ಹಾಕಿ ಇ ಇದ್ದಲ್ಲಿ 0 ಮಾಡಿಕೊಂಡು, ಮೊತ್ತವನ್ನು ಆ ಕಾಲಂನಿಂದಲೇ ತೆಗೆಯಿರಿ.

ಎರಡು, ಹೆಸರು ಹುಡುಕಿ ಸ್ಕೋರ್ ತರುವ "ವಿಲುಕಪ್" ಫಂಕ್ಷನ್. ಕೊನೆಯಲ್ಲಿ "ಫಾಲ್ಸ್" ಹಾಕದಿದ್ದರೆ ಅದು ಹತ್ತಿರದ ಹೆಸರಿನ ಸ್ಕೋರ್ ತಂದು ಕೂರಿಸ್ತದೆ. ಲೀಡರ್‌ಬೋರ್ಡ್ ಅಕ್ಷರಕ್ರಮದಲ್ಲಿ ಇರುವುದೇ ಇಲ್ಲ, ಹಾಗಾಗಿ ಯಾರದ್ದೋ ಸ್ಕೋರ್ ಯಾರಿಗೋ. "ಎಕ್ಸ್‌ಲುಕಪ್" ಬಳಸಿದರೆ ಈ ತಲೆಬಿಸಿ ಇಲ್ಲ.

ಮೂರು, ಹೆಸರಿನ ಬಾಲ. ಅಮೆಚೂರ್ ಹೆಸರಿನ ಮುಂದೆ ಬ್ರಾಕೆಟ್‌ನಲ್ಲಿ ಒಂದು ಎ ಇರ್ತದೆ. ಓಬೆರ್ಗ್ ಹೆಸರಿನ ಮೊದಲ ಅಕ್ಷರದ ಮೇಲೆ ಸಣ್ಣ ಸುತ್ತು ಉಂಟು, ಕೆಲವು ತಾಣಗಳು ಅದನ್ನು ಹಾಕ್ತವೆ, ಕೆಲವು ಹಾಕುವುದಿಲ್ಲ. ವೆಬ್‌ನಿಂದ ಪೇಸ್ಟ್ ಮಾಡಿದಾಗ ಹೆಸರಿನ ಹಿಂದೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಬರ್ತದೆ, "ಟ್ರಿಮ್" ಹಾಕಿದರೂ ಅದು ಹೋಗುವುದಿಲ್ಲ, ಕ್ಯಾರೆಕ್ಟರ್ 160 ಅಂತ. ಅದನ್ನು "ಸಬ್‌ಸ್ಟಿಟ್ಯೂಟ್" ಹಾಕಿ ತೆಗೆಯಬೇಕು. ಫಾರ್ಮ್ ಕಳಿಸುವ ಮೊದಲೇ, ಯಾವ ತಾಣದಿಂದ ಸ್ಕೋರ್ ತೆಗೆಯುತ್ತೀರೋ ಅಲ್ಲಿಂದಲೇ ಹೆಸರಿನ ಪಟ್ಟಿ ತೆಗೆದು ಡ್ರಾಪ್‌ಡೌನ್ ಮಾಡಿ. ಆಗ ಎರಡೂ ಕಡೆ ಒಂದೇ ಕಾಗುಣಿತ.

ತಾನಾಗಿ ಸ್ಕೋರ್ ಎಳೆಯುವ ಫಾರ್ಮುಲಾಕ್ಕೆ ಹೋಗಬೇಡಿ. ಈಗಿನ ಲೀಡರ್‌ಬೋರ್ಡ್ ಪುಟಗಳು ಬ್ರೌಸರಿನಲ್ಲೇ ಸ್ಕ್ರಿಪ್ಟ್ ಓಡಿಸಿ ಟೇಬಲ್ ಕಟ್ಟುತ್ತವೆ, ಶೀಟಿಗೆ ಖಾಲಿ ಪುಟ ಸಿಗ್ತದೆ. ದಿನಕ್ಕೊಂದು ಸಲ ಕೈಯಿಂದ ಪೇಸ್ಟ್, ನಾಲ್ಕು ದಿನಕ್ಕೆ ನಾಲ್ಕೇ ಸಲ. "ಟುಡೇ" ಕಾಲಂ ಬಿಟ್ಟು "ಟೋಟಲ್" ಕಾಲಂ ತೆಗೆದುಕೊಂಡಿದ್ದೀರಾ ಅಂತ ಎರಡು ಸಲ ನೋಡಿ.

ಹಸಿರುಹಾಸು

ಶೆಟ್ರೇ, ಪಾರ್ ಲೆಕ್ಕ ಬಿಟ್ಟು ಒಟ್ಟು ಹೊಡೆತಗಳನ್ನೇ ಕೂಡಿಸಿದರೆ ಈ ಇ ಅಕ್ಷರದ ಕಾಟ ತಪ್ಪಲ್ವಾ?

ಶೆಟ್ರ ಶೀಟು

ತಪ್ತದೆ, ಇನ್ನೊಂದು ಬರ್ತದೆ. ಕಟ್ ತಪ್ಪಿದವನದ್ದು ಎರಡೇ ಸುತ್ತು, 150 ಅಂತಿಟ್ಟುಕೊಳ್ಳಿ. ಗೆದ್ದವನದ್ದು ನಾಲ್ಕು ಸುತ್ತು, 277. ಕಡಿಮೆ ಇರುವ ನಾಲ್ವರನ್ನು ತೆಗೆ ಅಂದರೆ ಶೀಟು ಕಟ್ ತಪ್ಪಿದವರನ್ನೇ ಮೊದಲು ಎತ್ತಿಕೊಳ್ತದೆ. ನಾಲ್ವರೂ ಕಟ್ ತಪ್ಪಿದ ಟೀಮು ಚಾಂಪಿಯನ್!

ಬೋಗಿ ಬಸಣ್ಣ

ಟೈ ಮುರಿಯೂ ನಿಯಮ ಬದಲು ಮಾಡ್ರಿ. ಗೆದ್ದಾಂವನ ಸ್ಕೋರ್ ಊಹಿ ಮಾಡೂದು ಕೆಲಸಕ್ಕ ಬರಂಗಿಲ್ಲ. ಕಾರಣ ನೋಡ್ರಿ: 2021ರಾಗ ಮತ್ಸುಯಾಮ 278, 2022ರಾಗ ಷೆಫ್ಲರ್ 278, 2023ರಾಗ ರಾಮ್ 276, 2024ರಾಗ ಷೆಫ್ಲರ್ 277, 2025ರಾಗ ಮೆಕಿಲ್ರಾಯ್ 277. ಐದು ವರ್ಷ, ಮೂರು ಹೊಡೆತದ ಒಳಗ. ಇದನ್ನ ನೋಡಿದಾಂವ ಯಾವನೂ −10, −11, −12 ಬಿಟ್ಟು ಬ್ಯಾರೆ ಬರಿಯಂಗಿಲ್ಲ. 24 ಮಂದಿ ಮೂರ ಅಂಕಿಯೊಳಗ ಕುಂತರ ಟೈ ಹೆಂಗ ಮುರಿತೈತಿ? 2020ರ ನವೆಂಬರ್‌ನ್ಯಾಗ ಡಸ್ಟಿನ್ ಜಾನ್ಸನ್ 268 ಹೊಡದದ್ದು ಬಿಡ್ರಿ, ಅದು ಬ್ಯಾರೆ ಹವಾ, ಬ್ಯಾರೆ ನೆಲ.

ಊಹೀನ ಬ್ಯಾಡ. ಟೈ ಆದ್ರ ಐದನೇ ಆಟಗಾರನ ಸ್ಕೋರ್ ನೋಡ್ರಿ, ಅಲ್ಲೂ ಸಮ ಆದ್ರ ಆರನೇದಾಂವ. ಶೀಟ್‌ನ್ಯಾಗ ಮೊದಲೇ ಐತಿ, ಯಾರಿಗೂ ಏನೂ ಕೇಳೂದು ಬ್ಯಾಡ. ಅದಕ್ಕೂ ಮೀರಿದ್ರ ಲೋಟ ಆರು ತಿಂಗಳು ಒಬ್ಬರ ಮನ್ಯಾಗ, ಆರು ತಿಂಗಳು ಇನ್ನೊಬ್ಬರ ಮನ್ಯಾಗ.

ಪೀಚ್‌ಟ್ರೀ ಅಕ್ಕ

ಬಸಣ್ಣ ಹೇಳಿದ್ದು ಸರಿ. ಪ್ಲೇಆಫ್ (ಮೊದಲ ಸ್ಥಾನ ಟೈ ಆದಾಗಿನ ಹೆಚ್ಚುವರಿ ಆಟ) ಬಗ್ಗೆಯೂ ಒಂದು ಸಾಲು ಬೇಕು. 2025ರದ್ದೇ ತೆಗೆದುಕೊಳ್ಳಿ. ಮೆಕಿಲ್ರಾಯ್ 72, 66, 66, 73. ಜಸ್ಟಿನ್ ರೋಸ್ 65, 71, 75, 66. ಇಬ್ಬರದ್ದೂ 277, ಇಬ್ಬರೂ −11. ಪ್ಲೇಆಫ್‌ನ ಮೊದಲ ಹೋಲ್‌ನಲ್ಲಿ ಬರ್ಡಿ (ಪಾರ್‌ಗಿಂತ ಒಂದು ಕಡಿಮೆ) ಹೊಡೆದು ಮೆಕಿಲ್ರಾಯ್ ಗೆದ್ದರು. ಆದರೆ ಪ್ಲೇಆಫ್ ಹೊಡೆತಗಳು ಸ್ಕೋರಿಗೆ ಸೇರಲ್ಲ. ಹಾಗಾಗಿ ನಿಮ್ಮ ನಿಯಮದಲ್ಲಿ ಚಾಂಪಿಯನ್‌ಗೆ ಕೊಡೋ ಹಸಿರು ಕೋಟು ಹಾಕಿಕೊಂಡವನನ್ನ ಆರಿಸಿದವರಿಗೂ ರೋಸ್‌ನನ್ನ ಆರಿಸಿದವರಿಗೂ ಒಂದೇ ಫಲ. ಅದು ಸಪ್ಪೆ. ಚಾಂಪಿಯನ್ ಇರೋ ಟೀಮಿಗೆ ಬೋನಸ್ ಕೊಡಿ.

ಒಂಬತ್ತನೇ ಹೋಲ್

ಎಷ್ಟು ಅನ್ನೋದೇ ಮುಖ್ಯ. −3 ಕೊಟ್ಟರೆ ರುಚಿ, −10 ಕೊಟ್ಟರೆ ಉಳಿದ ಐದು ಆಯ್ಕೆ ವ್ಯರ್ಥ. 24 ಜನರಲ್ಲಿ ಹತ್ತು ಜನ ಷೆಫ್ಲರ್‌ನನ್ನ ಆರಿಸಿ ಅವನೇ ಗೆದ್ದರೆ ಮಿಕ್ಕ 14 ಜನಕ್ಕೆ ಆಟವೇ ಇಲ್ಲದಂತಾಗುತ್ತೆ.

ಬೋಗಿ ಬಸಣ್ಣ

ಆಡಾವ್ರಿಗೂ ಒಂದೀಟ ಹೇಳೂಣು, ಬರೇ ನಡಸಾವ್ರಿಗೆ ಅಲ್ಲ.

ಎ ಬುಟ್ಟಿಯೊಳಗ ಎಲ್ಲಾರೂ ತಗೊಳ್ಳೂ ಹೆಸರು ತಗೊಂಡ್ರ ನೀವು ಮ್ಯಾಲ ಹೋಗಂಗಿಲ್ಲ, ಕೆಳಗೂ ಬೀಳಂಗಿಲ್ಲ. ಪೂಲ್ ಗೆಲ್ಲೂದು ಸಿ, ಡಿ ಬುಟ್ಟಿಯೊಳಗ. ಅಲ್ಲಿ ಮಂದಿ ಚದುರಿರ್ತಾರ, ನಿಮ್ಮ ಒಬ್ಬಾಂವ ಐದನೇ ಸ್ಥಾನಕ್ಕ ಬಂದ್ರ ಆ ಲಾಭ ನಿಮಗೊಬ್ಬರಿಗೇ. ಇ, ಎಫ್ ಬುಟ್ಟಿಯೊಳಗ ಇನ್ನೊಂದು ಲೆಕ್ಕ. ಆರರಾಗ ಇಬ್ಬರನ್ನ ಹೆಂಗೂ ಬಿಡ್ತೀರಿ, ಅದಕ್ಕ ಅಲ್ಲಿ ಸುಮ್ಮನ ಕಟ್ ದಾಟಿ +6ಕ್ಕ ಮುಗಿಸೂ ಹಳೇ ಹುಲಿ ಬ್ಯಾಡ. ಅವನ ಸ್ಕೋರ್ ಲೆಕ್ಕಕ್ಕ ಬರೂದ ಅಪರೂಪ. ಹೊಡದ್ರ −4, ಇಲ್ಲಾಂದ್ರ ಕಟ್ ಔಟ್ ಅನ್ನೂ ಹುಡುಗನ್ನ ಹಿಡೀರಿ.

ಆಗಸ್ಟಾಕ್ಕ ಮೊದಲ ಸಲ ಬಂದಾವ್ರನ್ನ ಗೆಲ್ಲತಾರಂತ ತಗೋಬ್ಯಾಡ್ರಿ, 1979ರ ಫಜ್ಜಿ ಜೋಲರ್ ಆದಮ್ಯಾಲ ಯಾರೂ ಮೊದಲ ಯತ್ನದಾಗ ಗೆದ್ದಿಲ್ಲ. ಆದ್ರ ನಮಗ ಬೇಕಾದ್ದು ಬರೇ ಗೆಲುವು ಅಲ್ಲಲ್ಲ, ಸ್ಕೋರ್. ಓಬೆರ್ಗ್ 2024ರಾಗ ಮೊದಲ ಸಲ ಬಂದು ಎರಡನೇ ಸ್ಥಾನ ತಗೊಂಡ. ಇನ್ನ ಪಾರ್ 5 ಹೋಲ್ ನಾಕು ಅದಾವ: 2, 8, 13, 15. ಚಾಂಪಿಯನ್ ಆಗಾವ್ರು ಅಲ್ಲೇ ಗಳಸತಾರ. ಎರಡನೇ ಹೊಡೆತಕ್ಕ ಗ್ರೀನ್ ಮುಟ್ಟೂ ಉದ್ದ ಇಲ್ಲದಾಂವಗ ವೆಜ್ (ಹತ್ತರದ ಹೊಡೆತದ ಕೋಲು) ಭಾಳ ಚಲೋ ಇರಬೇಕು, ಇಲ್ಲಾಂದ್ರ ದಿನಕ್ಕೆರಡು ಹೊಡೆತ ಅಲ್ಲೇ ಹಿಂದ ಉಳಿತಾನ.

ಬುಧವಾರದ ಪಾರ್ 3 ಸ್ಪರ್ಧಾ ನೋಡಿ ಯಾರನ್ನೂ ತಗೋಬ್ಯಾಡ್ರಿ. ಅದನ್ನ ಗೆದ್ದಾಂವ ಅದೇ ವರ್ಷ ಮಾಸ್ಟರ್ಸ್ ಗೆದ್ದದ್ದು ಇಲ್ಲಿತನಾ ಇಲ್ಲ. ಅದರಾಗ ಶಾಸ್ತ್ರ ಏನೂ ಇಲ್ಲ ಬಿಡ್ರಿ, ಒಂಬತ್ತು ಸಣ್ಣ ಹೋಲಿನ ಆಟದಾಗ ಡ್ರೈವರ್ (ಉದ್ದ ಹೊಡೆಯೂ ಕೋಲು) ಕೈಗೇ ಬರಂಗಿಲ್ಲ.

ಮರಳುಗುಂಡಿ

ಆಟ ಬಿಟ್ಟು ಹೋಗೋರ ವಿಷಯ ಯಾರೂ ಎತ್ತಲಿಲ್ಲ. ಎರಡು ಬಗೆ. ಮೊದಲ ಟೀಗೂ ಮುಂಚೆ ಹೊರಗೆ ಹೋದವನು, ಆಟದ ಮಧ್ಯೆ ಬಿಟ್ಟವನು.

ಮಧ್ಯೆ ಬಿಟ್ಟವನು, ಅನರ್ಹ ಆದವನು: ಆಡದ ಪ್ರತಿ ಸುತ್ತಿಗೂ 80. ಅರ್ಧ ಆಡಿದ ಸುತ್ತೂ 80. ಚರ್ಚೆ ಬೇಡ.

ಮೊದಲೇ ಹೊರಗೆ ಹೋದವನಿಗೆ ಫಾರ್ಮಿನಲ್ಲಿ ಏಳನೇ ಪ್ರಶ್ನೆ ಇಡಿ: ಮೀಸಲು ಆಟಗಾರ, ಡಿ, ಇ ಅಥವಾ ಎಫ್ ಬುಟ್ಟಿಯಿಂದ. ಯಾವ ಬುಟ್ಟಿಯವನು ಹೋದರೂ ಇವನೇ ಬರ್ತಾನೆ. ಎ ಬುಟ್ಟಿಯವನು ಹೋಗಿ ಡಿ ಬುಟ್ಟಿಯವನು ಬಂದರೆ ನಷ್ಟ ನಿಜ, ಆದರೆ ಸಂಜೆ 4.50ಕ್ಕೆ 24 ಜನರಿಗೆ ಫೋನ್ ಮಾಡೋದು ತಪ್ಪುತ್ತೆ. ಮಾಸ್ಟರ್ಸ್‌ನಲ್ಲಿ ಬದಲಿ ಆಟಗಾರರ ಪಟ್ಟಿ ಇಲ್ಲ, ಒಬ್ಬ ಹೋದರೆ ಆ ಜಾಗ ಖಾಲಿ. ಉಳಿದ ಮೂರು ಮೇಜರ್‌ಗಳಲ್ಲಿ (ವರ್ಷದ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಮಿಕ್ಕವು) ಬದಲಿ ಬರ್ತಾನೆ. ಅವನ ಹೆಸರು ನಿಮ್ಮ ಡ್ರಾಪ್‌ಡೌನ್‌ನಲ್ಲಿ ಇರಲ್ಲ. ಅಲ್ಲಿಗೆ "ಬುಧವಾರ ಮಧ್ಯಾಹ್ನದ ಪಟ್ಟಿಯಲ್ಲಿ ಇದ್ದವರು ಮಾತ್ರ" ಅಂತ ಬರೆದುಬಿಡಿ.

ಮಳೆ. 2023ರಲ್ಲಿ ಶುಕ್ರವಾರ ಗಾಳಿಗೆ 17ನೇ ಹೋಲ್ ಬಳಿ ಮರ ಉರುಳಿ ಆಟ ನಿಂತಿತು, ಎರಡನೇ ಸುತ್ತು ಮುಗಿದದ್ದು ಶನಿವಾರ. ಅಂದರೆ ಕಟ್ ಕೂಡ ಶನಿವಾರವೇ ಆಯಿತು. ಶುಕ್ರವಾರ ರಾತ್ರಿ ಟಿವಿಯಲ್ಲಿ ತೋರಿಸೋ ಅಂದಾಜು ಕಟ್ ನೋಡಿ ದಂಡ ಹಾಕಬೇಡಿ, ಅದು ಮೇಲೆ ಕೆಳಗೆ ಓಡಾಡ್ತಾ ಇರುತ್ತೆ. 2024ರಲ್ಲಿ +6ಕ್ಕೆ ನಿಂತಿತ್ತು, 2025ರಲ್ಲಿ +2ಕ್ಕೆ. ಅಧಿಕೃತವಾಗಿ ಸುತ್ತು ಮುಗಿದ ಮೇಲೆಯೇ ಆ ಕಾಲಂ ಮುಟ್ಟಿ.

ಹಸಿರುಹಾಸು

ತಿದ್ದಿದ್ದು: ಸಂಜೆ 4.30ಕ್ಕೆ ಬಾಗಿಲು, ಮೂರು ಊರಿನ ಸಮಯ ಬರೆದು. ಬುಟ್ಟಿ 6, 8, 10, 14, 20, ಮಿಕ್ಕವರು, ದರದ ಪಟ್ಟಿ ಪ್ರಕಾರ. ಆರರಲ್ಲಿ ನಾಲ್ಕು. ಆಡದ ಸುತ್ತಿಗೆ 80. ಚಾಂಪಿಯನ್‌ಗೆ −3. ಟೈ ಆದರೆ ಐದನೆಯವ, ಆರನೆಯವ. ಒಬ್ಬ ಮೀಸಲು.

ಕೆಲವರು ಬಹುಮಾನದ ದುಡ್ಡಿನ ಮೇಲೆ ಅಂಕ ಕೊಡಿ ಅಂತಾರೆ, ಆಟಗಾರ ಗೆದ್ದ ಡಾಲರ್‌ಗಳನ್ನೇ ಕೂಡಿಸೋದು. ಅದು ಸುಲಭ ಅಲ್ವಾ?

ಪೀಚ್‌ಟ್ರೀ ಅಕ್ಕ

ಒಂದು ವಾರದ ಪೂಲ್‌ಗೆ ಬೇಡ. 2025ರಲ್ಲಿ ಒಟ್ಟು ಬಹುಮಾನ 2.1 ಕೋಟಿ ಡಾಲರ್, ಗೆದ್ದವರಿಗೆ 42 ಲಕ್ಷ. ಮೇಲಿನ ಒಬ್ಬ ಸಿಕ್ಕಿದರೆ ಉಳಿದ ಐದು ಜನ ಏನು ಮಾಡಿದರೂ ಒಂದೇ. ಅಮೆಚೂರ್‌ಗೆ ದುಡ್ಡೇ ಇಲ್ಲ, ಹತ್ತನೇ ಸ್ಥಾನಕ್ಕೆ ಬಂದರೂ ಸೊನ್ನೆ. ಆ ಲೆಕ್ಕ ಚೆಂದ ಕೂರೋದು ವರ್ಷವಿಡೀ ವಾರಕ್ಕೊಬ್ಬನನ್ನ ಆರಿಸಿ, ಒಮ್ಮೆ ಬಳಸಿದವನನ್ನ ಮತ್ತೆ ಮುಟ್ಟಬಾರದು ಅನ್ನೋ ಆಟಕ್ಕೆ. ಅಲ್ಲಿ ಷೆಫ್ಲರ್‌ನನ್ನ ಜನವರಿಯ ಸಣ್ಣ ಟೂರ್ನಿಗೆ ಖರ್ಚು ಮಾಡಬೇಕಾ, ಮೇಜರ್‌ಗೆ ಉಳಿಸಿಕೊಳ್ಳಬೇಕಾ ಅನ್ನೋದೇ ಆಟ.

ಒಂಬತ್ತನೇ ಹೋಲ್

ಒಂದು ತೂತು ಉಳಿದಿದೆ. ಜುಲೈನಲ್ಲಿ ದಿ ಓಪನ್‌ಗೂ ಇದೇ ಫಾರ್ಮ್ ನಕಲು ಮಾಡ್ತೀರಿ ಅಂದುಕೊಳ್ತೀನಿ. ಅಲ್ಲಿ ಬ್ರಿಟನ್ ಸಮಯ, ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಮೊದಲ ಗುಂಪು ಹೊರಡೋದು ಬೆಳಿಗ್ಗೆ ಆರೂವರೆ ಆಸುಪಾಸು, ನಮಗೆ ಹನ್ನೊಂದು ಗಂಟೆ, ಅಟ್ಲಾಂಟಾದಲ್ಲಿ ರಾತ್ರಿ ಒಂದೂವರೆ. ಸಂಜೆ 4.30 ಅನ್ನೋ ಸಾಲು ಹಾಗೇ ಉಳಿದರೆ ಅರ್ಧ ಜನ ಮೊದಲ ಸುತ್ತು ಮುಗಿಸಿ ಬಂದವರನ್ನ ಆರಿಸಿರ್ತಾರೆ. ಪಾರ್ ಕೂಡ 72 ಇರಬೇಕಂತಿಲ್ಲ. 2025ರಲ್ಲಿ ದಿ ಓಪನ್ ನಡೆದ ಪೋರ್ಟ್‌ರಷ್‌ನ ಪಾರ್ 71, ಅಲ್ಲಿ 80 ಅಂದರೆ +9.

ಹಸಿರುಹಾಸು

ಬಾಗಿಲು ಮುಚ್ಚೋ ಸಮಯ, ಪಾರ್ ಎರಡನ್ನೂ ಶೀಟಿನ ಮೊದಲ ಸಾಲಿನಲ್ಲಿ ಬೇರೆ ಸೆಲ್‌ಗೆ ಹಾಕಿದೆ, ದಂಡ ಅಲ್ಲಿಂದಲೇ ಲೆಕ್ಕ ಆಗುತ್ತೆ. ಫಾರ್ಮ್ ಸೋಮವಾರ ರಾತ್ರಿ ಕಳಿಸ್ತೀನಿ.